ಹ್ಯಾಂಗ್ ಆದ ಪ್ರೋಗ್ರಾಂ ಕೊಲ್ಲುವ ಮುಂಚೆ ಕರ್ನಲ್‌ನ ಕೇಳಿ

ಕಾಫಿ ಸುಗ್ಗಿಯಲ್ಲಿ ತೂಕದ ಮನೆಯ ಕಂಪ್ಯೂಟರ್ ನಿಂತರೆ ಗೇಟಿನಾಚೆ ಪಿಕಪ್‌ಗಳ ಸಾಲು ಬೆಳೆಯುತ್ತದೆ. ಆಗ ಎಲ್ಲರಿಗೂ ತೋಚುವುದು ಒಂದೇ, ಆಫ್ ಮಾಡಿ ಆನ್ ಮಾಡು. ಅಷ್ಟಕ್ಕೆ ಕೆಲಸ ಸಾಗುತ್ತದೆ, ನಿಜ. ಆದರೆ ಯಾಕೆ ನಿಂತಿತು ಅನ್ನುವುದಕ್ಕೆ ಇದ್ದ ಸಾಕ್ಷಿಯೂ ಅದರ ಜೊತೆಗೇ ಅಳಿಸಿಹೋಗುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಫೋನು. ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ವ್ಯಾಪಾರಿಗಳ ಲಿನಕ್ಸ್ ಮಷೀನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಯಾವ ಪ್ರೋಗ್ರಾಂ ಎಲ್ಲಿ ನಿಂತಿದೆ ಅನ್ನುವುದು ಅವೆಲ್ಲವನ್ನೂ ಓಡಿಸುವ ಲಿನಕ್ಸಿನ ತಿರುಳಿಗೆ, ಅಂದರೆ ಕರ್ನಲ್‌ಗೆ, ಗೊತ್ತಿರುತ್ತದೆ. ಇಂಥ ಫೋನ್ ಬಂದಾಗ ನಾನು ಏನೇನು ಮಾಡುತ್ತೇನೋ ಅದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಕ್ರಮ ಅಂದೆನಲ್ಲ, ಅದೇ ಮುಖ್ಯ. ಮೊದಲು ಮುಟ್ಟದೆ ನೋಡಬೇಕು, ಆಮೇಲೆ ಮುಟ್ಟಿ ನೋಡಬೇಕು, ನಿಲ್ಲಿಸಿ ನೋಡುವುದು ಕೊನೆಗೆ. ಇಂಟರ್ನೆಟ್ಟಿನಲ್ಲಿ ಸಿಗುವ ಪಾಠಗಳು ಸೀದಾ ಜಿಡಿಬಿ ಎಂಬ ಡಿಬಗರ್‌ನಿಂದ, ಅಂದರೆ ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡುವ ಸಾಧನದಿಂದ, ಶುರುವಾಗುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ನಡೆಯುತ್ತಿರುವ ವ್ಯಾಪಾರದ ನಡುವೆ ಡಿಬಗರ್ ಹಚ್ಚುವವನು ಅದಕ್ಕೂ ಮುಂಚೆ, ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಡೈರೆಕ್ಟರಿಯಲ್ಲಿ ಎರಡು ಫೈಲು ಓದಿರಬೇಕು.

ಆಜ್ಞೆಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಚಿಕ್ಕಕ್ಷರದಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಉದಾಹರಣೆಗೆ ನಿಜವಾಗಿ ಆದದ್ದನ್ನೇ ತೆಗೆದುಕೊಳ್ಳೋಣ. ತೂಕದ ಕಟ್ಟೆಯ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್, ಅದಕ್ಕೊಂದು ಯುಎಸ್‌ಬಿ ಅಡಾಪ್ಟರ್, ಅಲ್ಲಿಂದ ಕಂಪ್ಯೂಟರ್. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಒಂದು ಪ್ರೋಗ್ರಾಂ ತೂಕ ಓದಿ, ಚೆರಿಯೋ (ಸಿಪ್ಪೆ ಸಮೇತ ಒಣಗಿಸಿದ್ದು) ಪಾರ್ಚ್‌ಮೆಂಟೋ (ಸಿಪ್ಪೆ ತೆಗೆದು ಒಣಗಿಸಿದ್ದು), ತೇವಾಂಶ ಎಷ್ಟು, ಔಟ್‌ಟರ್ನ್ (ಸಿಗುವ ಬೀಜದ ಪಾಲು) ಎಷ್ಟು ಅಂತ ಸೇರಿಸಿಕೊಂಡು ಚೀಟಿ ಮುದ್ರಿಸುತ್ತದೆ. ಒಂದು ಮಧ್ಯಾಹ್ನ ಅಲ್ಲಿಯ ರೈಟರ್ (ಲೆಕ್ಕ ಬರೆಯುವ) ಹುಡುಗನ ಫೋನ್.

"ಅಣ್ಣಾ, ಮತ್ತೆ ನಿಂತೋಯ್ತು. ಮೌಸ್ ಒತ್ತಿದ್ರೆ ಎಂತದೂ ಆಗ್ತಿಲ್ಲ. ತೆಗ್ದು ಹಾಕ್ಲಾ?"

"ಬೇಡ ಮಾರಾಯ, ಮುಟ್ಬೇಡ. ಹಂಗೇ ಬಿಡು, ನಾನು ಇಲ್ಲಿಂದ್ಲೇ ನೋಡ್ತೀನಿ. ಅಲ್ಲೀತನಕ ಕೈಯಲ್ಲೇ ಚೀಟಿ ಬರಿ."

ದೂರದಿಂದಲೇ ಮಷೀನಿಗೆ ಹೊಗಿಸುವ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋದ ಮೇಲೆ ಮೊದಲ ಆಜ್ಞೆ:

ಸುಡೋ ಪಿಎಸ್ -ಇಎಲ್ಒ ಪಿಐಡಿ,ಟಿಐಡಿ,ಸ್ಟ್ಯಾಟ್,ಡಬ್ಲ್ಯೂಚಾನ್:30,ಕಾಮ್

ಸುಡೋ ಅಂದರೆ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಓಡಿಸು ಅಂತ. ಇದರಲ್ಲಿ ಎಲ್ ಮಾತ್ರ ದೊಡ್ಡಕ್ಷರ. ಅದಿದ್ದರೆ ಪ್ರೊಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ, ಒಳಗಿನ ಪ್ರತಿ ಥ್ರೆಡ್ಡಿಗೂ (ಜೊತೆಜೊತೆಗೆ ಓಡುವ ಕೆಲಸದ ಎಳೆಗೂ) ಒಂದೊಂದು ಸಾಲು ಬರುತ್ತದೆ. ಸ್ಟ್ಯಾಟ್ ಅನ್ನುವ ಕಾಲಂನಲ್ಲಿರುವ ಅಕ್ಷರವೇ ಅರ್ಧ ಕತೆ ಹೇಳಿಬಿಡುತ್ತದೆ. ಆರ್ ಅಂದರೆ ಓಡುತ್ತಿದೆ ಅಥವಾ ಓಡಲು ಕಾಯುತ್ತಿದೆ. ಹ್ಯಾಂಗ್ ಆದಂತೆ ಕಂಡು ಇಲ್ಲಿ ಆರ್ ಇದ್ದರೆ ಎಲ್ಲೋ ಲೂಪಿನಲ್ಲಿ ಗಿರಕಿ ಹೊಡೆಯುತ್ತಿದೆ ಅಂತ. ಎಸ್ ಅಂದರೆ ಏನನ್ನೋ ಕಾಯುತ್ತಾ ಮಲಗಿದೆ, ಸಿಗ್ನಲ್ (ಕರ್ನಲ್ ಮುಟ್ಟಿಸುವ ಸಣ್ಣ ಸೂಚನೆ) ಕಳಿಸಿದರೆ ಏಳುತ್ತದೆ. ಡಿ ಅಂದರೆ ಸಿಗ್ನಲ್‌ಗೂ ಏಳದ ನಿದ್ದೆ. ದೊಡ್ಡ ಟಿ ಇದ್ದರೆ ಯಾರೋ ನಿಲ್ಲಿಸಿದ್ದಾರೆ, ಚಿಕ್ಕ ಟಿ ಇದ್ದರೆ ಡಿಬಗರ್ ಹಿಡಿದು ನಿಲ್ಲಿಸಿಕೊಂಡಿದೆ. ಜೆಡ್ ಅಂದರೆ ಪ್ರೊಸೆಸ್ ಸತ್ತಾಗಿದೆ, ಅಪ್ಪ ಪ್ರೊಸೆಸ್ ಬಂದು ಲೆಕ್ಕ ತೆಗೆದುಕೊಂಡಿಲ್ಲ.

ಡಿ ಕಂಡರೆ ಮುಂದೆ ಹೇಳುವ ಮುಟ್ಟಿ ನೋಡುವ, ನಿಲ್ಲಿಸಿ ನೋಡುವ ಉಪಾಯಗಳು ನಡೆಯುವುದಿಲ್ಲ, ಆದ್ದರಿಂದ ಅದನ್ನು ಇಲ್ಲೇ ಮುಗಿಸುತ್ತೇನೆ. ಸಾಮಾನ್ಯವಾಗಿ ಕೆಡುತ್ತಿರುವ ಹಾರ್ಡ್ ಡಿಸ್ಕ್ ಅಥವಾ ಕೈಕೊಟ್ಟ ನೆಟ್‌ವರ್ಕ್ ಡ್ರೈವ್ ಇದಕ್ಕೆ ಕಾರಣ. ಪ್ರೊಸೆಸ್‌ಅನ್ನು ಬಲವಂತವಾಗಿ ಕೊಲ್ಲುವ ಕಿಲ್ -9 ಕೂಡ ಹೆಚ್ಚಿನ ಸಲ ಆ ನಿದ್ದೆ ಮುಗಿಯುವವರೆಗೆ ತಲುಪುವುದಿಲ್ಲ, ಪ್ರೊಸೆಸ್ ಕರ್ನಲ್‌ಗೆ ಏನು ಕೇಳುತ್ತಿದೆ ಅಂತ ತೋರಿಸುವ ಸ್ಟ್ರೇಸ್ ಹಚ್ಚಿದರೆ ಅದೂ ಕಾಯುತ್ತಾ ಕೂರುತ್ತದೆ. ರೂಟ್ ಆಗಿ /ಪ್ರಾಕ್/ಸಿಸ್‌ಆರ್‌ಕ್ಯು-ಟ್ರಿಗರ್ ಎಂಬ ಫೈಲಿಗೆ ಡಬ್ಲ್ಯೂ ಅಕ್ಷರ ಬರೆಯಿರಿ, ಹೀಗೆ ಸಿಕ್ಕಿಕೊಂಡ ಎಲ್ಲ ಪ್ರೊಸೆಸ್‌ಗಳೂ ಕರ್ನಲ್ ಒಳಗೆ ಎಲ್ಲಿ ನಿಂತಿವೆ ಅನ್ನುವುದು ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ (ಡಿ-ಎಂ-ಇ-ಎಸ್-ಜಿ) ಆಜ್ಞೆಯಲ್ಲಿ ಬೀಳುತ್ತದೆ. ಹೆಚ್ಚಿನ ಕರ್ನಲ್‌ಗಳು ಯಾವುದಾದರೂ 120 ಸೆಕೆಂಡಿಗಿಂತ ಹೆಚ್ಚು ಹೊತ್ತು ಹೀಗೆ ಇದ್ದರೆ ತಾವಾಗಿಯೇ ಎಚ್ಚರಿಕೆ ಬರೆದಿಡುತ್ತವೆ. ಅದರ ಆಸುಪಾಸಿನಲ್ಲಿ ಡಿಸ್ಕಿನ ಎರರ್ ಇದ್ದರೆ ಪ್ರೋಗ್ರಾಂ ಬಿಟ್ಟು ಬ್ಯಾಕಪ್ ಕಡೆ ಓಡಿ.

ನಮ್ಮ ತೂಕದ ಪ್ರೋಗ್ರಾಂನಲ್ಲಿ ಇದ್ದದ್ದು ಎಸ್. ಪ್ರೊಸೆಸ್ ನಂಬರ್ 4127. ಕಿಟಕಿ, ಗುಂಡಿ ನೋಡಿಕೊಳ್ಳುವ ಮುಖ್ಯ ಥ್ರೆಡ್ಡಿಗೂ ಅದೇ ನಂಬರ್. ಸೀರಿಯಲ್ ಓದುವ ಥ್ರೆಡ್ 4131. ಇಂಥ ಕಿಟಕಿ ಪ್ರೋಗ್ರಾಂ ಆರೋಗ್ಯವಾಗಿದ್ದಾಗ ಮುಖ್ಯ ಥ್ರೆಡ್ ಪೋಲ್‌ನಲ್ಲಿ ಕಾಯುತ್ತಿರುತ್ತದೆ, ಯಾರಾದರೂ ಮೌಸ್ ಒತ್ತಲಿ ಅಂತ. ಇಲ್ಲಿ ಡಬ್ಲ್ಯೂಚಾನ್ ಕಾಲಂನಲ್ಲಿ ಫ್ಯೂಟೆಕ್ಸ್_ವೇಟ್ ಅಂತ ಶುರುವಾಗುವ ಹೆಸರು. ಫ್ಯೂಟೆಕ್ಸ್ ಅಂದರೆ ಬೀಗಕ್ಕೆ ಕಾಯುವುದು. ಕಿಟಕಿಯ ಥ್ರೆಡ್ ಬೀಗಕ್ಕೆ ಕಾಯುತ್ತಿದೆ ಅಂದ ಮೇಲೆ ಮೌಸ್ ಒತ್ತಿದರೆ ಎಂತ ಆಗಬೇಕು?

ಇಲ್ಲಿಂದ ಪ್ರಾಕ್. ಪ್ರೊಸೆಸ್‌ಗಳನ್ನು ಫೈಲುಗಳ ಹಾಗೆ ತೋರಿಸಬಹುದು ಅನ್ನುವ ಯೋಚನೆ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಅವರದು. 1984ರಲ್ಲಿ ಯುನಿಕ್ಸ್‌ನ ಎಂಟನೇ ಆವೃತ್ತಿಗಾಗಿ ಮಾಡಿದ್ದು. ಲಿನಕ್ಸ್ ಅದನ್ನು ತನ್ನದೇ ರೀತಿಯಲ್ಲಿ ಎಷ್ಟೋ ಮುಂದಕ್ಕೆ ಒಯ್ದಿದೆ. ನಮಗೆ ಅನುಕೂಲ ಏನೆಂದರೆ, ಇವನ್ನು ಓದಿದರೆ ಆ ಪ್ರೊಸೆಸ್ ನಿಲ್ಲುವುದಿಲ್ಲ, ತನ್ನನ್ನು ಯಾರೋ ನೋಡಿದರು ಅಂತ ಅದಕ್ಕೆ ಗೊತ್ತೂ ಆಗುವುದಿಲ್ಲ.

ಸುಡೋ ಕ್ಯಾಟ್ /ಪ್ರಾಕ್/4127/ಟಾಸ್ಕ್/4131/ಸಿಸ್‌ಕಾಲ್

ಒಂದೇ ಸಾಲು ಬರುತ್ತದೆ. ಮೊದಲನೆಯದು ಸಿಸ್ಟಂ ಕಾಲ್‌ನ, ಅಂದರೆ ಪ್ರೋಗ್ರಾಂ ಕರ್ನಲ್‌ಗೆ ಇಡುವ ಕೋರಿಕೆಯ, ನಂಬರ್, ಆಮೇಲೆ ಆರು ಆರ್ಗ್ಯುಮೆಂಟು, ಕೊನೆಗೆ ಸ್ಟ್ಯಾಕ್ ಪಾಯಿಂಟರ್ ಮತ್ತು ಪ್ರೋಗ್ರಾಂ ಕೌಂಟರ್. 64 ಬಿಟ್ ಇಂಟೆಲ್, ಎಎಂಡಿ ಮಷೀನಿನಲ್ಲಿ 0 ಅಂದರೆ ರೀಡ್, 1 ಅಂದರೆ ರೈಟ್, 202 ಅಂದರೆ ಫ್ಯೂಟೆಕ್ಸ್. ರಾಸ್ಪ್‌ಬೆರಿ ಪೈಯಂಥ 64 ಬಿಟ್ ಆರ್ಮ್ ಆದರೆ ರೀಡ್ 63, ಫ್ಯೂಟೆಕ್ಸ್ 98. ಇದನ್ನು ಮರೆತು ಓದಿದರೆ ಇಡೀ ದಿನ ದಾರಿ ತಪ್ಪುತ್ತದೆ. ನಮ್ಮಲ್ಲಿ ಬಂದ ಮೊದಲ ಅಂಕಿ 0, ಅದರ ಮುಂದೆ 7. ಅಂದರೆ 7 ನಂಬರಿನ ಫೈಲ್ ಡಿಸ್ಕ್ರಿಪ್ಟರ್‌ನಿಂದ (ತೆರೆದ ಫೈಲಿಗೆ ಕರ್ನಲ್ ಕೊಡುವ ನಂಬರ್) ಓದಲು ಹೋಗಿ ಕೂತಿದೆ. ಆ ಏಳು ಯಾವುದು?

ಸುಡೋ ಎಲ್‌ಎಸ್ -ಎಲ್ /ಪ್ರಾಕ್/4127/ಎಫ್‌ಡಿ

7ರ ಎದುರು ಬಾಣ, ಬಾಣದ ಆಚೆ /ಡೆವ್/ಟಿಟಿವೈಯುಎಸ್‌ಬಿ0. ಅದೇ ಇಂಡಿಕೇಟರ್‌ನ ಕೇಬಲ್ಲು. ಇನ್ನೂ ಅನುಮಾನವಿದ್ದರೆ ಅದೇ ಟಾಸ್ಕ್ ಡೈರೆಕ್ಟರಿಯಲ್ಲಿ ಸ್ಟ್ಯಾಕ್ ಅನ್ನುವ ಫೈಲನ್ನು ರೂಟ್ ಆಗಿ ಓದಿ. ಕರ್ನಲ್ ಒಳಗಿನ ಫಂಕ್ಷನ್‌ಗಳ ಸರಣಿಯಲ್ಲಿ ಎನ್_ಟಿಟಿವೈ_ರೀಡ್ ಸಿಗುತ್ತದೆ. ಪ್ರೋಗ್ರಾಂ ಮುಟ್ಟದೆಯೇ ಇಷ್ಟು ತಿಳಿಯಿತು: ಒಂದು ಥ್ರೆಡ್ ತೂಕಕ್ಕೆ ಕಾಯುತ್ತಿದೆ, ಇನ್ನೊಂದು ಬೀಗಕ್ಕೆ.

ಈಗ ಮುಟ್ಟಿ ನೋಡೋಣ. ಅದಕ್ಕೆ ಸ್ಟ್ರೇಸ್. 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಇದನ್ನು ಬರೆದದ್ದು ಸನ್ಓಎಸ್‌ಗೆ, ಲಿನಕ್ಸ್‌ಗೆ ಬಂದದ್ದು ಆಮೇಲೆ. ಸ್ಟ್ರೇಸ್ ಆಗಲಿ ಜಿಡಿಬಿ ಆಗಲಿ ತಾವಾಗಿ ಇನ್ನೊಂದು ಪ್ರೊಸೆಸ್‌ನೊಳಗೆ ಇಣುಕಲಾರವು. ಎರಡೂ ಕರ್ನಲ್‌ನ ಪಿಟ್ರೇಸ್ ಎಂಬ ಸಿಸ್ಟಂ ಕಾಲ್‌ನ ಬಾಗಿಲು ತಟ್ಟಬೇಕು. ಪಿಟ್ರೇಸ್ 1975ರ ಆರನೇ ಆವೃತ್ತಿಯ ಯುನಿಕ್ಸ್‌ನಿಂದ ಇದೆ, ಅಷ್ಟು ಹಳೆಯದು, ವಿನ್ಯಾಸವೂ ಅಷ್ಟೇ ಒರಟು. ಇನ್ನೊಂದು ಪ್ರೊಸೆಸ್‌ನ ಮೆಮೊರಿ ಓದಲು ಪೀಕ್‌ಡೇಟಾ ಕೇಳಿದರೆ ಸಲಕ್ಕೆ ಒಂದೇ ವರ್ಡ್, 64 ಬಿಟ್ ಮಷೀನಿನಲ್ಲಿ 8 ಬೈಟು, ಕೊಡುತ್ತದೆ. ದೊಡ್ಡ ತುಂಡು ಒಟ್ಟಿಗೆ ಓದಲು ಪ್ರೊಸೆಸ್_ವಿಎಂ_ರೀಡ್‌ವಿ ಅಂತ ಬೇರೆಯೇ ಕಾಲ್ ಲಿನಕ್ಸ್ 3.2ರಲ್ಲಿ ಸೇರಿತು.

ಸಾಮಾನ್ಯ ಬಳಕೆದಾರರಾಗಿ ಸ್ಟ್ರೇಸ್ ಹಚ್ಚಿದರೆ ಉಬುಂಟುವಿನಲ್ಲಿ "ಆಪರೇಷನ್ ನಾಟ್ ಪರ್ಮಿಟೆಡ್" ಅಂತ ಬೈಸಿಕೊಳ್ಳುತ್ತೀರಿ. ಪ್ರೊಸೆಸ್ ನಿಮ್ಮದೇ ಆಗಿದ್ದರೂ ಸರಿ. ಇದು ಯಾಮಾ ಎಂಬ ಭದ್ರತಾ ಪದರದ ಕೆಲಸ. /ಪ್ರಾಕ್/ಸಿಸ್/ಕರ್ನಲ್/ಯಾಮಾ/ಪಿಟ್ರೇಸ್_ಸ್ಕೋಪ್ ಫೈಲಿನಲ್ಲಿ 0 ಇದ್ದರೆ ಒಬ್ಬನೇ ಬಳಕೆದಾರನ ಪ್ರೊಸೆಸ್‌ಗಳು ಒಂದನ್ನೊಂದು ಹಿಡಿಯಬಹುದು. 1 ಇದ್ದರೆ ತಾನೇ ಹುಟ್ಟಿಸಿದ್ದನ್ನು ಮಾತ್ರ. 2 ಇದ್ದರೆ ಅದಕ್ಕಾಗಿ ವಿಶೇಷ ಅಧಿಕಾರ ಇರುವವರು, ಅಂದರೆ ರೂಟ್‌ನಂಥವರು, ಮಾತ್ರ. 3 ಇದ್ದರೆ ಯಾರೂ ಇಲ್ಲ, ರೀಬೂಟ್ ಆಗುವವರೆಗೆ ಅದನ್ನು ಬದಲಿಸಲೂ ಆಗದು. ಉಬುಂಟುವಿನ ರೂಢಿ 1. ಕೆಲವರು ಇದನ್ನು ಕಿರಿಕಿರಿ ಅಂತ ಶಾಶ್ವತವಾಗಿ 0 ಮಾಡಿಟ್ಟುಬಿಡುತ್ತಾರೆ. ದಯವಿಟ್ಟು ಬೇಡ. ನಿಮ್ಮ ಬ್ರೌಸರ್‌ಗೆ ಏನಾದರೂ ಹೊಕ್ಕರೆ ಅದು ನಿಮ್ಮ ಎಸ್‌ಎಸ್‌ಎಚ್ ಸೆಷನ್ ನಡೆಸುತ್ತಿರುವ ಪ್ರೊಸೆಸ್‌ನ ಮೆಮೊರಿಯನ್ನೂ ಇದೇ ಬಾಗಿಲಿನಿಂದ ಓದಬಲ್ಲದು. ಸುಡೋ ಸೇರಿಸಿದರೆ ನಮ್ಮ ಕೆಲಸ ಆಗುತ್ತದೆ, ಅಷ್ಟು ಸಾಕು.

ಸುಡೋ ಹಾಕಿದರೂ ಅದೇ ಬೈಗುಳ ಬಂದರೆ /ಪ್ರಾಕ್/4127/ಸ್ಟೇಟಸ್ ತೆರೆದು ಟ್ರೇಸರ್‌ಪಿಐಡಿ ಸಾಲು ನೋಡಿ. ಸೊನ್ನೆ ಅಲ್ಲದ ನಂಬರ್ ಇದ್ದರೆ ಬೇರೆ ಯಾರೋ ಆಗಲೇ ಹಿಡಿದಿದ್ದಾರೆ. ಒಂದು ಥ್ರೆಡ್ಡಿಗೆ ಒಮ್ಮೆಗೆ ಒಬ್ಬನೇ ಟ್ರೇಸರ್, ಕರ್ನಲ್ ಇಬ್ಬರನ್ನು ಬಿಡುವುದಿಲ್ಲ.

ಸುಡೋ ಸ್ಟ್ರೇಸ್ -ಎಫ್ -ವೈ -ಟಿಟಿ -ಪಿ 4127

-ಎಫ್ ಎಲ್ಲ ಥ್ರೆಡ್ಡುಗಳನ್ನೂ ಹಿಡಿಯಲು, -ವೈ ಡಿಸ್ಕ್ರಿಪ್ಟರ್ ಪಕ್ಕದಲ್ಲೇ ಫೈಲಿನ ಹೆಸರು ತೋರಿಸಲು, -ಟಿಟಿ ಸಮಯಕ್ಕೆ. -ವೈ ಇಲ್ಲದೆ ನಾನು ಸ್ಟ್ರೇಸ್ ಹಾಕುವುದೇ ಇಲ್ಲ. ಬಂದದ್ದು ಹೆಚ್ಚು ಕಡಿಮೆ ಹೀಗೆ:

[ಪಿಐಡಿ 4131] ರೀಡ್(7</ಡೆವ್/ಟಿಟಿವೈಯುಎಸ್‌ಬಿ0>,
[ಪಿಐಡಿ 4127] ಫ್ಯೂಟೆಕ್ಸ್(…, ಫ್ಯೂಟೆಕ್ಸ್_ವೇಟ್_ಪ್ರೈವೇಟ್, 2, ನಲ್

ಅಷ್ಟೇ. ಕರ್ಸರ್ ಮಿಣುಕುತ್ತಾ ನಿಂತಿತು. ಸ್ಟ್ರೇಸ್ ಕೆಲಸ ಮಾಡುತ್ತಿಲ್ಲ ಅಂತ ಹೊಸಬರು ಕಂಟ್ರೋಲ್-ಸಿ ಒತ್ತುವುದು ಇಲ್ಲೇ. ಈ ಅರ್ಧ ಸಾಲುಗಳೇ ಉತ್ತರ. ಕಂಸ ಮುಚ್ಚಿಲ್ಲ, ಸಮ ಚಿಹ್ನೆಯ ಮುಂದೆ ಫಲಿತಾಂಶ ಇಲ್ಲ: ಅಂದರೆ ಕಾಲ್ ಒಳಗೆ ಹೋಗಿದೆ, ಹಿಂದಿರುಗಿಲ್ಲ. ಪಿಟ್ರೇಸ್ ಪ್ರತಿ ಸಿಸ್ಟಂ ಕಾಲ್‌ನಲ್ಲೂ ಎರಡು ಸಲ ಪ್ರೊಸೆಸ್ ನಿಲ್ಲಿಸಿ ಸ್ಟ್ರೇಸ್‌ಗೆ ಸುದ್ದಿ ಕೊಡುತ್ತದೆ, ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ಎರಡನೇ ಸುದ್ದಿ ಬಾರದಿದ್ದರೆ ಸಾಲು ಪೂರ್ತಿ ಆಗುವುದಿಲ್ಲ.

ಆ 2 ಗಮನಿಸಿ. ಸಿ ಪ್ರೋಗ್ರಾಂಗಳ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ ಬೀಗದಲ್ಲಿ 0 ಅಂದರೆ ತೆರೆದಿದೆ, 1 ಅಂದರೆ ಯಾರೋ ಹಾಕಿಕೊಂಡಿದ್ದಾರೆ, 2 ಅಂದರೆ ಹಾಕಿಕೊಂಡಿದ್ದಾರೆ, ಜೊತೆಗೆ ಹೊರಗೆ ಕಾಯುವವರೂ ಇರಬಹುದು. ಕೊನೆಯ ನಲ್ ಅಂದರೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ ಇಲ್ಲ; ಪ್ರಳಯದವರೆಗೂ ಕಾಯಲು ತಯಾರು.

ರೀಡ್ ಹಿಂದಿರುಗದೆ ಇರುವುದರಲ್ಲೂ ಒಂದು ಸುದ್ದಿಯಿದೆ. ಯುಎಸ್‌ಬಿ ಅಡಾಪ್ಟರ್ ಕಿತ್ತು ಬಂದಿದ್ದರೆ ಕರ್ನಲ್ ಆ ಟಿಟಿವೈಯನ್ನು (ಸೀರಿಯಲ್ ಪೋರ್ಟನ್ನು) ಹ್ಯಾಂಗಪ್ ಮಾಡಿ, ಅಂದರೆ ಸಂಪರ್ಕ ಕಡಿದು, ರೀಡ್‌ಅನ್ನು ಸೊನ್ನೆ ಬೈಟಿನೊಂದಿಗೋ ಎರರ್‌ನೊಂದಿಗೋ ವಾಪಸ್ ಕಳಿಸುತ್ತಿತ್ತು. ಹಾಗಾಗಿಲ್ಲ ಅಂದರೆ ಅಡಾಪ್ಟರ್ ಜಾಗದಲ್ಲೇ ಇದೆ, ಆ ಕಡೆಯಿಂದ ಮಾತಾಡುವವರಿಲ್ಲ. ಹುಡುಗನಿಗೆ ಫೋನ್ ಮಾಡಿದೆ.

"ಇಂಡಿಕೇಟರ್ ಲೈಟ್ ಉರೀತಿದ್ಯಾ ನೋಡು."

"ಇಲ್ಲಣ್ಣ. ಕರೆಂಟ್ ಹೋಗಿದ್ಯಲ್ಲ. ಕಂಪ್ಯೂಟರ್ ಯುಪಿಎಸ್ಸಲ್ಲಿದೆ."

ಇಂಡಿಕೇಟರ್ ಇದ್ದದ್ದು ಸಾಮಾನ್ಯ ಸಾಕೆಟ್ಟಿನಲ್ಲಿ. ಅದರ ಬ್ಯಾಟರಿ ಯಾವ ಕಾಲದಲ್ಲೋ ಸತ್ತಿತ್ತು.

ಇಲ್ಲಿಗೆ ನಿಲ್ಲಿಸಿ ಪ್ಲಗ್ ಬದಲಿಸಿದರೂ ನಡೆಯುತ್ತಿತ್ತು. ಆದರೆ ಇಂಡಿಕೇಟರ್ ಆಫ್ ಆದರೆ ತೂಕ ಬಾರದಿರಬೇಕು, ಇಡೀ ಕಿಟಕಿ ಹೆಪ್ಪುಗಟ್ಟುವುದೇಕೆ? ಅದನ್ನು ಹೇಳಲು ಜಿಡಿಬಿಯೇ ಬೇಕು. ಮೊದಲು ಸ್ಟ್ರೇಸ್ ಬಿಡಿಸಿ: ಕಂಟ್ರೋಲ್-ಸಿ ಒತ್ತಿದರೆ ಅದು ಕೈಬಿಟ್ಟು ಹೊರಬರುತ್ತದೆ, ಪ್ರೋಗ್ರಾಂಗೆ ಏನೂ ಆಗುವುದಿಲ್ಲ. ಕಂಟ್ರೋಲ್-ಜೆಡ್ ಮಾತ್ರ ಒತ್ತಬೇಡಿ. ಸ್ಟ್ರೇಸ್ ಮಲಗಿದರೆ ಅದು ಹಿಡಿದಿರುವ ಪ್ರೊಸೆಸ್ ಮುಂದಿನ ಸಿಸ್ಟಂ ಕಾಲ್‌ನಲ್ಲೇ ನಿಂತುಬಿಡುತ್ತದೆ. ಸ್ಟ್ರೇಸ್ ಪೂರ್ತಿ ಸತ್ತರೆ ಚಿಂತೆಯಿಲ್ಲ, ಕರ್ನಲ್ ತಾನೇ ಬಿಡಿಸುತ್ತದೆ.

ಸುಡೋ ಜಿಡಿಬಿ -ಪಿ 4127 -ಬ್ಯಾಚ್ -ಇಎಕ್ಸ್ "ಥ್ರೆಡ್ ಅಪ್ಲೈ ಆಲ್ ಬಿಟಿ"

-ಬ್ಯಾಚ್ ಹಾಕಿದರೆ ಹಿಡಿದು, ಎಲ್ಲ ಥ್ರೆಡ್ಡುಗಳ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ಸರಣಿ) ಮುದ್ರಿಸಿ, ಬಿಟ್ಟು ಹೋಗುತ್ತದೆ. ಜಿಡಿಬಿ ಹಿಡಿದಷ್ಟು ಹೊತ್ತು ಇಡೀ ಪ್ರೊಸೆಸ್ ನಿಂತಿರುತ್ತದೆ. ಪ್ರಾಂಪ್ಟ್ ತೆರೆದಿಟ್ಟು ಚಹಾ ಕುಡಿಯಲು ಹೋಗುವವರಿಗಾಗಿ ಈ ಆಪ್ಷನ್. ಕಂಪೈಲ್ ಮಾಡುವಾಗ -ಜಿ ಹಾಕಿದ್ದರೆ ಫೈಲಿನ ಹೆಸರು, ಸಾಲಿನ ನಂಬರ್ ಸಿಗುತ್ತವೆ. ಸಿಂಬಲ್‌ಗಳನ್ನೂ (ಫಂಕ್ಷನ್ ಹೆಸರುಗಳನ್ನೂ) ಕಿತ್ತು ಹಾಕಿದ್ದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಈ ಪ್ರೋಗ್ರಾಂ ಬರೆದವರು ಪುಣ್ಯಕ್ಕೆ -ಜಿ ಬಿಟ್ಟುಕೊಂಡಿದ್ದರು.

ಮುಖ್ಯ ಥ್ರೆಡ್ "ತೂಕ ತೋರಿಸು" ಫಂಕ್ಷನ್‌ನೊಳಗೆ ತೂಕದ ಬೀಗಕ್ಕೆ ಕಾಯುತ್ತಿತ್ತು. ಆ ಬೀಗ ಯಾರ ಹತ್ತಿರ ಇದೆ ಅಂತ ಊಹಿಸುವ ಅಗತ್ಯವಿಲ್ಲ, ಬೀಗದೊಳಗೇ ಬರೆದಿರುತ್ತದೆ. ಈ ಬೀಗದ, ಅಂದರೆ ಮ್ಯೂಟೆಕ್ಸ್‌ನ, ವೇರಿಯಬಲ್ ಹೆಸರು ಎಂ ಆದರೆ, ಜಿಡಿಬಿಯಲ್ಲಿ:

ಪ್ರಿಂಟ್ ಎಂ._ಎಂ_ಮ್ಯೂಟೆಕ್ಸ್.__ಡೇಟಾ.__ಓನರ್

ಇದರಲ್ಲಿ ಅಡಿಗೆರೆಯ ನಂತರದ ಎಂ ದೊಡ್ಡಕ್ಷರ. ಬಂದ ಉತ್ತರ 4131. ಪಿಎಸ್‌ನಲ್ಲಿ ಕಂಡ ಅದೇ ಸೀರಿಯಲ್ ಥ್ರೆಡ್. ರೈಟರ್ ಚೀಟಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನಲ್ಲಿ ಲಾರಿಗೆ ಕಾಯುತ್ತಾ ನಿಂತರೆ ಕೌಂಟರಿನಲ್ಲಿದ್ದವರು ಪುಸ್ತಕಕ್ಕೆ ಕಾಯಬೇಕಲ್ಲ, ಹಾಗೆ: ಬೀಗ ಹಾಕಿಕೊಂಡು, ಬೀಗದ ಒಳಗೇ ರೀಡ್ ಮಾಡಲು ಕೂತಿದೆ.

ಇಲ್ಲಿ ಬ್ರೇಕ್‌ಪಾಯಿಂಟ್ ಬೇಕಾಗಲಿಲ್ಲ, ಆದರೂ ಅದು ಹೇಗೆ ನಡೆಯುತ್ತದೆ ಅನ್ನುವುದು ತಿಳಿದಿರಲಿ, ಯಾಕೆಂದರೆ ನನ್ನ ಕಣ್ಣಿಗೆ ಇಡೀ ಪಿಟ್ರೇಸ್‌ನಲ್ಲಿ ಚೆಂದದ ಭಾಗ ಅದೇ. ನೀವು ಒಂದು ಸಾಲಿನಲ್ಲಿ ನಿಲ್ಲು ಅಂದಾಗ ಜಿಡಿಬಿ ಆ ಜಾಗದ ಮೊದಲ ಬೈಟನ್ನು ಎತ್ತಿಟ್ಟುಕೊಂಡು ಅಲ್ಲಿ ಒಂದು ಬೈಟಿನ ಟ್ರ್ಯಾಪ್ ಸೂಚನೆ ಬರೆಯುತ್ತದೆ. ಇಂಟೆಲ್ ಮಷೀನಿನಲ್ಲಿ ಅದರ ಬೆಲೆ ದಶಮಾನದಲ್ಲಿ 204. ಕೋಡ್ ಇರುವ ಪುಟ ಓದಲು ಮಾತ್ರ, ಬರೆಯಲು ಅನುಮತಿ ಇಲ್ಲದ್ದು. ಆದರೂ ಪಿಟ್ರೇಸ್ ಕೇಳಿದರೆ ಕರ್ನಲ್ ಆ ಪುಟದ ಖಾಸಗಿ ನಕಲೊಂದನ್ನು ಮಾಡಿ ಅದರಲ್ಲಿ ಬರೆಯುತ್ತದೆ. ಹಾಗಾಗಿ ಅದೇ ಲೈಬ್ರರಿ ಬಳಸುವ ಬೇರೆ ಪ್ರೊಸೆಸ್‌ಗಳಿಗೆ, ಡಿಸ್ಕಿನಲ್ಲಿರುವ ಫೈಲಿಗೆ ಏನೂ ತಟ್ಟುವುದಿಲ್ಲ. ಪ್ರೊಸೆಸರ್ ಆ ಬೈಟಿಗೆ ಬಂದಾಗ ಕರ್ನಲ್ ಸಿಗ್‌ಟ್ರ್ಯಾಪ್ ಎಬ್ಬಿಸಿ ಜಿಡಿಬಿಯನ್ನು ಕರೆಯುತ್ತದೆ. ಮುಂದುವರಿ ಅಂದರೆ ಜಿಡಿಬಿ ಹಳೆಯ ಬೈಟು ವಾಪಸ್ ಇಟ್ಟು, ಪ್ರೋಗ್ರಾಂ ಕೌಂಟರನ್ನು ಒಂದು ಹಿಂದೆ ಸರಿಸಿ, ಒಂದೇ ಒಂದು ಸೂಚನೆ ಓಡಿಸಿ, ಮತ್ತೆ ಟ್ರ್ಯಾಪ್ ಹಾಕಿ ಬಿಡುತ್ತದೆ. ಒಂದು ವೇರಿಯಬಲ್ ಯಾವಾಗ ಬದಲಾಯಿತು ಅಂತ ಹಿಡಿಯಲು ಪ್ರೊಸೆಸರ್‌ನಲ್ಲೇ ಡಿಬಗ್ ರಿಜಿಸ್ಟರ್‌ಗಳಿವೆ, ಆದರೆ ಇಂಟೆಲ್‌ನಲ್ಲಿ ಅಂಥ ವಿಳಾಸ ನಾಲ್ಕೇ ಇಡಬಹುದು. ಐದನೆಯ ವಾಚ್‌ಪಾಯಿಂಟಿಗೆ ಜಿಡಿಬಿ ಗೊಣಗಿದರೆ ಅದು ಅದರ ತಪ್ಪಲ್ಲ.

ಪ್ರೋಗ್ರಾಂನ ರಿಪೇರಿ ಎರಡು ಕಡೆ. ರೀಡ್ ಮಾಡುವುದನ್ನು ಬೀಗದಿಂದ ಹೊರಗೆ ತಂದು, ಬಂದ ತೂಕವನ್ನು ಬರೆದಿಡುವ ಕ್ಷಣಕ್ಕಷ್ಟೇ ಬೀಗ ಹಾಕುವುದು. ಜೊತೆಗೆ ಸೀರಿಯಲ್ ಪೋರ್ಟಿನ ಟರ್ಮಿಯೋಸ್ ಸೆಟ್ಟಿಂಗ್‌ನಲ್ಲಿ ವಿಮಿನ್ 1, ವಿಟೈಮ್ 0 ಇದ್ದದ್ದನ್ನು ವಿಮಿನ್ 0, ವಿಟೈಮ್ 20 ಮಾಡುವುದು. ಮೊದಲಿನದರಲ್ಲಿ ಒಂದಾದರೂ ಬೈಟು ಬರುವವರೆಗೆ ರೀಡ್ ಕಾಯುತ್ತಲೇ ಇರುತ್ತದೆ. ವಿಟೈಮ್‌ನ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗ, ಆದ್ದರಿಂದ 20 ಅಂದರೆ ಎರಡು ಸೆಕೆಂಡು. ಅಷ್ಟರಲ್ಲಿ ಏನೂ ಬಾರದಿದ್ದರೆ ರೀಡ್ ಸೊನ್ನೆ ಹಿಡಿದು ವಾಪಸ್ ಬರುತ್ತದೆ. ಆಗ ಪರದೆ ಮೇಲೆ "ಇಂಡಿಕೇಟರ್ ಆಫ್ ಆಗಿದೆ" ಅಂತ ತೋರಿಸಬಹುದು.

ರಿಪೇರಿ ಆಯಿತು ಅಂತ ನಂಬುವ ಮುಂಚೆ ಇಂಡಿಕೇಟರ್ ಸ್ವಿಚ್ ಆಫ್ ಮಾಡಿ, -ಇ ಟ್ರೇಸ್=ರೀಡ್ ಸೇರಿಸಿ ಸ್ಟ್ರೇಸ್ ಹಾಕಿ ನೋಡಿ. ಎರಡೆರಡು ಸೆಕೆಂಡಿಗೊಂದು ಪೂರ್ತಿ ಸಾಲು, ಕೊನೆಯಲ್ಲಿ "= 0" ಬಂದರೆ ಸರಿ.

ಹ್ಯಾಂಗ್ ಅಲ್ಲದೆ, ಶುರುವೇ ಆಗದ ಪ್ರೋಗ್ರಾಂಗೂ ಸ್ಟ್ರೇಸ್ ಒಳ್ಳೆಯದು. ಆಗ -ಪಿ ಬೇಡ, ಸ್ಟ್ರೇಸ್‌ಗೆ -ಇ ಟ್ರೇಸ್=ಓಪನ್‌ಅಟ್ ಹಾಕಿ, ಅದಾದ ಮೇಲೆ ಪ್ರೋಗ್ರಾಂ ಹೆಸರನ್ನೇ ಕೊಡಿ. ಸ್ಟ್ರೇಸ್ ತಾನೇ ಹುಟ್ಟಿಸಿದ ಪ್ರೊಸೆಸ್ ಆದ್ದರಿಂದ ಯಾಮಾ 1 ಇದ್ದರೂ ಅಡ್ಡಿಯಿಲ್ಲ, ಸುಡೋ ಕೂಡ ಬೇಡ. ಇಎನ್‌ಓಇಎನ್‌ಟಿ ಅಂದರೆ ಫೈಲ್ ಇಲ್ಲ. ಲೈಬ್ರರಿ ಹುಡುಕುವಾಗ ಇದು ಸಾಲುಸಾಲು ಬರುತ್ತದೆ, ಹೆದರಬೇಡಿ, ಸಾಯುವ ಮುಂಚಿನ ಕೊನೆಯ ನಾಲ್ಕಾರು ಸಾಲು ನೋಡಿದರೆ ಸಾಕು. ಅಲ್ಲಿ ಟಿಟಿವೈಯುಎಸ್‌ಬಿ0 ಎದುರು ಇಎಸಿಸಿಇಎಸ್ ಇದ್ದರೆ ಅನುಮತಿ ಇಲ್ಲ ಅಂತ. ಡೆಬಿಯನ್, ಉಬುಂಟುಗಳಲ್ಲಿ ಬಳಕೆದಾರನನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆದರೆ ಬಗೆಹರಿಯುತ್ತದೆ. ಹೊಸ ಮಷೀನು ಇಟ್ಟಾಗ ಬರುವ ದೂರುಗಳಲ್ಲಿ ಇದೇ ಮುಂದು.

ಒಂದು ಎಚ್ಚರಿಕೆ. ಡೇಟಾಬೇಸ್‌ನಂಥ, ಕ್ಷಣಕ್ಕೆ ಸಾವಿರಾರು ಸಿಸ್ಟಂ ಕಾಲ್ ಮಾಡುವ ಪ್ರೊಸೆಸ್‌ಗೆ ಸುಗ್ಗಿಯ ಹೊತ್ತಿನಲ್ಲಿ ಸ್ಟ್ರೇಸ್ ಹಚ್ಚಬೇಡಿ. ಪ್ರತಿ ಕಾಲ್‌ಗೆ ಎರಡು ನಿಲುಗಡೆ, ಪ್ರತಿ ನಿಲುಗಡೆಗೆ ಸ್ಟ್ರೇಸ್‌ಗೆ ಹೋಗಿ ಬರುವುದು, ಪ್ರೊಸೆಸ್ ತೆವಳತೊಡಗುತ್ತದೆ. ಅಂಥಲ್ಲಿ ಪರ್ಫ್ ಟ್ರೇಸ್ -ಪಿ ಬಳಸಿ. ಅದು ಪಿಟ್ರೇಸ್ ಬಿಟ್ಟು ಕರ್ನಲ್‌ನ ಟ್ರೇಸ್‌ಪಾಯಿಂಟ್‌ಗಳಿಂದ ಓದುತ್ತದೆ, ಯಾರನ್ನೂ ನಿಲ್ಲಿಸುವುದಿಲ್ಲ.

ನೆಟ್‌ವರ್ಕ್ ಸಿಗದ ತೋಟಗಳಲ್ಲಿ ಇದ್ಯಾವುದೂ ಆಗುವುದಿಲ್ಲ. ಮಳೆಗಾಲದಲ್ಲಿ ಬಾಳೂರು, ಕಳಸದ ಕಡೆ ಹೋದವರಿಗೆ ಹೇಳಬೇಕಿಲ್ಲ. ಅಲ್ಲಿಯ ರೈಟರಿಗೆ ಒಂದೇ ಸಾಲು ಬರೆದುಕೊಟ್ಟಿದ್ದೇನೆ: ಸುಡೋ ಜಿಕೋರ್, ಅದರ ಮುಂದೆ ಪ್ರೊಸೆಸ್ ನಂಬರ್. ಅದು ಪ್ರೊಸೆಸ್‌ನ ಮೆಮೊರಿಯ ನಕಲನ್ನು ಕೋರ್ ಎಂಬ ಫೈಲಿಗೆ ಇಳಿಸಿ ಪ್ರೊಸೆಸ್‌ಅನ್ನು ಬಿಟ್ಟುಬಿಡುತ್ತದೆ. ಆಮೇಲೆ ಅವರು ಧೈರ್ಯವಾಗಿ ರೀಸ್ಟಾರ್ಟ್ ಮಾಡಬಹುದು, ಪೆನ್‌ಡ್ರೈವ್ ಪೇಟೆಗೆ ಬಂದಾಗ ನಾನು ಅದೇ ಪ್ರೋಗ್ರಾಂ ಫೈಲಿನ ಜೊತೆ ಜಿಡಿಬಿಯಲ್ಲಿ ತೆರೆದು ಬ್ಯಾಕ್‌ಟ್ರೇಸ್ ನೋಡುತ್ತೇನೆ. ಪ್ರೋಗ್ರಾಂ ತಾನಾಗಿಯೇ ಬಿದ್ದು ಸಾಯುವುದಾದರೆ ಮೊದಲೇ ಯುಲಿಮಿಟ್ -ಸಿ ಅನ್‌ಲಿಮಿಟೆಡ್ ಹಾಕಿಡಿ, ಕೋರ್ ಫೈಲ್ ಎಲ್ಲಿ ಬೀಳುತ್ತದೆ ಅನ್ನುವುದು /ಪ್ರಾಕ್/ಸಿಸ್/ಕರ್ನಲ್/ಕೋರ್_ಪ್ಯಾಟರ್ನ್‌ನಲ್ಲಿರುತ್ತದೆ. ಅಲ್ಲಿಯ ಸಾಲು ಪೈಪ್ ಗುರುತಿನಿಂದ ಶುರುವಾದರೆ ಕೋರ್ ಸೀದಾ ಫೈಲಾಗದೆ ಇನ್ನೊಂದು ಪ್ರೋಗ್ರಾಂ ಕೈಗೆ ಹೋಗುತ್ತದೆ. ಅದು ಸಿಸ್ಟಂಡಿಯದಾದರೆ (ಲಿನಕ್ಸಿನ ಸೇವೆಗಳನ್ನು ನಡೆಸುವ ಪ್ರೋಗ್ರಾಂ ಅದು) ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ಅಂತ ಕೇಳಿ. ಬೆಳೆಗಾರರ ಹೆಸರು, ಬ್ಯಾಂಕ್ ಖಾತೆ, ಕೊಡಬೇಕಾದ ಬಾಕಿ ಎಲ್ಲವೂ ಆ ಮೆಮೊರಿಯಲ್ಲಿ ಇದ್ದಂತೆಯೇ ಫೈಲಿಗೆ ಬಂದಿರುತ್ತದೆ, ಆದ್ದರಿಂದ ವಾಟ್ಸಾಪ್‌ನಲ್ಲಿ ಕಳಿಸಿ ಅಂತ ಯಾರಿಗೂ ಹೇಳಬೇಡಿ, ನೋಡಿ ಮುಗಿದ ಮೇಲೆ ಪೆನ್‌ಡ್ರೈವ್‌ನಿಂದಲೂ ಅಳಿಸಿ.